ಹಳೆಯ ರಿವಾಲ್ವರಿನ ಹಲ್ಲು

(ಬಾನುಲಿ ಭಾಷಣದ ಬರಹರೂಪ)

ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದೆಂದು ನಮ್ಮಲ್ಲಿ ಒಂದು ಗಾದೆಯುಂಟು. ಅದು ದಾನಕ್ಕೆ ಬಂದದ್ದರ ಮಾತು. ಹಣ ತೆತ್ತು ಕೊಳ್ಳುವ ಎತ್ತಿನ ಹಲ್ಲು ನೋಡದೆ ಹಗ್ಗ ಹಿಡಿದು ಮನೆಗೆ ಹೊರಟವನನ್ನು ಯಾವ ಊರೂ ಜಾಣನೆಂದು ಕರೆದಿಲ್ಲ. ನಾನು ಹುಡುಗನಾಗಿದ್ದಾಗ ತಂದೆಯವರ ಜೊತೆಗೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗುತ್ತಿದ್ದೆ. ಮಾರುವವರು ಎತ್ತುಗಳ ಮೈ ತೊಳೆದು, ಕೊಂಬು ಹೆರೆದು ಎಣ್ಣೆ ಸವರಿ, ಕೊರಳಿಗೆ ಗೆಜ್ಜೆ ಕಟ್ಟಿ ನಿಲ್ಲಿಸುತ್ತಿದ್ದರು. ನನ್ನ ಕಣ್ಣೆಲ್ಲ ಆ ಕೊಂಬುಗಳ ಮೇಲೆ. ತಂದೆಯವರು ಮಾತ್ರ ಕೊಂಬಿನ ಕಡೆ ತಿರುಗಿಯೂ ನೋಡದೆ, ಎತ್ತಿನ ತುಟಿ ಎತ್ತಿ ಹಲ್ಲು ನೋಡಿ, ಆಮೇಲೆ ಹತ್ತು ಹೆಜ್ಜೆ ನಡೆಸಿ ಗೊರಸು ಊರುವ ರೀತಿಯನ್ನು ಗಮನಿಸುತ್ತಿದ್ದರು. ಮೈಯ ಹೊಳಪು ಮಾರುವವನ ಕೈಕೆಲಸ, ಹಲ್ಲಿನ ಸವೆತ ಎತ್ತಿನ ಸ್ವಂತದ್ದು ಎಂಬುದು ಅವರ ತಿಳಿವಳಿಕೆ.

ಈ ಹೊತ್ತು ನಾನು ಮಾತನಾಡಹೊರಟಿರುವುದು ಎತ್ತಿನ ವಿಷಯವನ್ನಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಹಳೆಯ ರಿವಾಲ್ವರಿನ ವಿಷಯವನ್ನು. ಮೂವತ್ತು ವರ್ಷಕಾಲ ಹಳಗನ್ನಡವನ್ನೂ ವ್ಯಾಕರಣವನ್ನೂ ಪಾಠ ಹೇಳಿದವನಿಗೆ ರಿವಾಲ್ವರಿನ ಗೊಡವೆ ಏಕೆಂದು ನೀವು ಕೇಳಬಹುದು. ಅದಕ್ಕೆ ಉತ್ತರ ನನ್ನ ಎಡಗಣ್ಣಿನ ಕೆಳಗಿದೆ. ಅಕ್ಕಿಕಾಳಿನಷ್ಟು ಉದ್ದದ ಒಂದು ಗಾಯದ ಗುರುತು ಅದು. ಅರ್ಧ ಅಂಗುಲ ಮೇಲಕ್ಕೆ ಸರಿದಿದ್ದರೆ ನನ್ನ ಮುಂದಿನ ಓದೆಲ್ಲ ಒಂದೇ ಕಣ್ಣಿನದಾಗುತ್ತಿತ್ತು.

ಅದು 1994ರ ಮಾತು. ನನ್ನ ಅಣ್ಣ ಮಲೆನಾಡಿನ ಕಾಫಿ ತೋಟವೊಂದರ ಮೇಲ್ವಿಚಾರಕನಾಗಿದ್ದ. ವಾರಕ್ಕೊಮ್ಮೆ ಆಳುಗಳ ಕೂಲಿಯ ಹಣವನ್ನು ಪೇಟೆಯಿಂದ ಕಾಡುದಾರಿಯಲ್ಲಿ ತರಬೇಕಾಗಿದ್ದುದರಿಂದ ಅವನಿಗೆ ರಿವಾಲ್ವರಿನ ಪರವಾನಗಿ ದೊರೆಯಿತು. ಪರವಾನಗಿ ದೊರೆತರೂ ರಿವಾಲ್ವರು ದೊರೆಯುವುದು ಸುಲಭವಾಗಿರಲಿಲ್ಲ. ವಿದೇಶೀ ಕೈಬಂದೂಕುಗಳ ಖಾಸಗಿ ಆಮದು 1980ರ ದಶಕದ ನಡುವಿನಲ್ಲಿಯೇ ನಿಂತುಹೋಗಿತ್ತು. .38, .455 ಮೊದಲಾದ ಸೇನೆಯ ಅಳತೆಗಳು ಸಾಮಾನ್ಯ ಪ್ರಜೆಗೆ ಸಿಕ್ಕುವಂಥವಲ್ಲ. ಉಳಿದದ್ದು ಮುಖ್ಯವಾಗಿ .32 ಅಂಗುಲದ ಅಳತೆ. ಎಂದೋ ದೇಶದೊಳಗೆ ಬಂದು ಕೈಯಿಂದ ಕೈಗೆ ತಿರುಗುತ್ತಿದ್ದ ವೆಬ್ಲಿ, ಸ್ಮಿತ್ ಅಂಡ್ ವೆಸನ್, ಕೋಲ್ಟ್ ಮುಂತಾದವುಗಳಿಗೆ ಆಗ ಬಂಗಾರದ ಬೆಲೆ. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರುಗಳು ಇಂದು ಉಂಟು. 2014ರಲ್ಲಿ 'ನಿರ್ಭೀಕ್' ಎಂಬ ಹಗುರವಾದ ರಿವಾಲ್ವರೂ ಅಲ್ಲಿಂದ ಬಂದಿತು. ಆದರೂ ಹಳೆಯ ವಿದೇಶೀ ಮಾಲಿನ ಮೋಹ ನಮ್ಮ ಜನಕ್ಕೆ ಇನ್ನೂ ಹೋಗಿಲ್ಲ.

ಅಣ್ಣ ಕೊಂಡು ತಂದ ರಿವಾಲ್ವರು ಹೊಸ ಮದುಮಗನ ಹಾಗೆ ಹೊಳೆಯುತ್ತಿತ್ತು. ಕಪ್ಪುನೀಲಿಯ ಮೈ, ಒಂದು ಗೀರಿಲ್ಲ. ಗುರಿ ಅಭ್ಯಾಸದ ಮೈದಾನದಲ್ಲಿ ಅವನು ಮೊದಲ ಬಾರಿ ಅದನ್ನು ಹಾರಿಸಿದಾಗ ನಾನು ಅವನ ಬಲಕ್ಕೆ ಒಂದು ಮಾರು ದೂರದಲ್ಲಿ ನಿಂತಿದ್ದೆ. ಮೂರು ಗುಂಡುಗಳು ಸರಿಯಾಗಿ ಹೋದವು. ನಾಲ್ಕನೆಯದಕ್ಕೆ ನನ್ನ ಕೆನ್ನೆಗೆ ಕಾದ ಸೂಜಿ ಚುಚ್ಚಿದಂತಾಯಿತು. ಮುಟ್ಟಿ ನೋಡಿದರೆ ರಕ್ತ. ಗಾಯದೊಳಗಿಂದ ವೈದ್ಯರು ತೆಗೆದದ್ದು ಉಗುರಿನ ಚೂರಿನಷ್ಟು ಸೀಸ. ಗುಂಡು ಗುರಿಯ ಕಡೆಗೆ ಹೋಗಿತ್ತು. ಅದರ ಒಂದು ತುಣುಕು ಮಾತ್ರ ನನ್ನ ಕಡೆಗೆ ಬಂದಿತ್ತು.

ಅಣ್ಣ ಆ ರಿವಾಲ್ವರನ್ನು ಪರವಾನಗಿ ಪಡೆದ ಒಬ್ಬ ಹಿರಿಯ ಕೋವಿ ಕೆಲಸಗಾರರಲ್ಲಿಗೆ ಒಯ್ದ. ನಾನೂ ಕೆನ್ನೆಗೆ ಪಟ್ಟಿ ಅಂಟಿಸಿಕೊಂಡು ಜೊತೆಯಲ್ಲಿ ಹೋದೆ. ಅವರು ಅದರ ಹೊಳಪನ್ನು ಕಂಡೊಡನೆಯೇ ಮುಖ ಸಿಂಡರಿಸಿದರು. ಅನಂತರ ಎರಡು ಗಂಟೆಯ ಕಾಲ ಅವರು ನಮಗೆ ಹೇಳಿಕೊಟ್ಟದ್ದನ್ನೂ, ಆ ಗಾಯದ ದೆಸೆಯಿಂದ ಮುಂದೆ ನಾನೇ ಓದಿ ತಿಳಿದದ್ದನ್ನೂ ಇಲ್ಲಿ ಹೇಳುತ್ತೇನೆ.

ಮೊದಲು ಯಂತ್ರದ ನಡೆ ತಿಳಿಯಬೇಕು. ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ಅಮೆರಿಕದಲ್ಲಿ ಹಕ್ಕುಪತ್ರ ಪಡೆದಂದಿನಿಂದ ಅದರ ಮೂಲತತ್ತ್ವ ಬದಲಾಗಿಲ್ಲ. ತೋಟಾಗಳನ್ನು ತುಂಬುವ ಕೋಣೆಗಳಿರುವ ಸಿಲಿಂಡರನ್ನು ಉರುಳೆ ಎಂದು ಕರೆಯೋಣ. ತೋಟಾವನ್ನು ಹೊಡೆಯುವ ಸುತ್ತಿಗೆಯನ್ನು ನಮ್ಮ ಕೋವಿಕಾರರು ಕುದುರೆ ಎನ್ನುತ್ತಾರೆ. ಆ ಮಾತೇ ಇರಲಿ. ಕುದುರೆಯನ್ನು ಹಿಂದಕ್ಕೆ ಎಳೆದಾಗ ಒಳಗಿನ ಉಕ್ಕಿನ ಸಣ್ಣ ನಾಲಗೆಯೊಂದು ಮೇಲೆದ್ದು, ಉರುಳೆಯ ಬೆನ್ನಿನಲ್ಲಿರುವ ಹಲ್ಲುಚಕ್ರದ ಒಂದು ಹಲ್ಲನ್ನು ತಳ್ಳುತ್ತದೆ. ಉರುಳೆ ಒಂದು ಕೋಣೆಯಷ್ಟು ತಿರುಗುತ್ತದೆ. ಸರಿಯಾದ ಎಡೆಗೆ ಬಂದಾಗ ಕೆಳಗಿನಿಂದ ಒಂದು ತಡೆಗುಬ್ಬಿ ಎದ್ದು ಉರುಳೆಯ ಮೈಮೇಲಿನ ಕಚ್ಚಿನಲ್ಲಿ ಕೂತು ಅದನ್ನು ನಿಲ್ಲಿಸುತ್ತದೆ. ಆಗ ಕೋಣೆಯೂ ನಳಿಗೆಯೂ ಒಂದೇ ನೇರಕ್ಕೆ ಬರುತ್ತವೆ. ಗುಂಡು ಕೋಣೆಯಿಂದ ಹೊರಟು, ಕೂದಲೆಳೆಯಂಥ ಒಂದು ತೆರವನ್ನು ದಾಟಿ, ಆಲಿಕೆಯಂತೆ ಕೊಂಚ ಅಗಲವಾದ ನಳಿಗೆಯ ಹಿಂಬಾಯನ್ನು ಹೊಗುತ್ತದೆ. ನಾಲಗೆಯೋ ಹಲ್ಲೋ ಸವೆದು ಉರುಳೆ ತನ್ನ ಎಡೆಗೆ ಪೂರ್ತಿಯಾಗಿ ಬಾರದೆ ನಿಂತರೆ, ಗುಂಡು ಹಿಂಬಾಯ ಅಂಚಿಗೆ ಉಜ್ಜಿ ಹೋಗುತ್ತದೆ. ಉಜ್ಜಿದ ಸೀಸ ಆ ತೆರವಿನಿಂದ ಪಕ್ಕಕ್ಕೆ ಚಿಮ್ಮುತ್ತದೆ. ನನ್ನ ಕೆನ್ನೆಗೆ ಬಂದದ್ದು ಈ ದಾರಿಯಿಂದ.

ತಾಳೆಗರಿಯ ಕಟ್ಟುಗಳನ್ನು ನೋಡಿದ ರೂಢಿಯುಳ್ಳವರಿಗೆ ಒಂದು ಸಂಗತಿ ಗೊತ್ತು. ಗರಿ ಹರಿಯುವುದು ಕಣ್ಣಿಗೆ ಕಾಣುವ ಅಕ್ಷರದ ಸಾಲಿನಲ್ಲಿ ಅಷ್ಟಾಗಿ ಅಲ್ಲ, ದಾರ ಹಾಯುವ ತೂತಿನ ಬಳಿಯಲ್ಲಿ. ರಿವಾಲ್ವರಿನ ಆಯುಸ್ಸನ್ನು ಅಳೆಯುವುದೂ ಹಾಗೆಯೇ. ಉಕ್ಕು ಉಕ್ಕನ್ನು ಮುಟ್ಟುವ ಎಡೆಗಳನ್ನು ನೋಡಬೇಕು. ಬೆಳಕು ಬೀಳುವ ಮೈಯನ್ನಲ್ಲ.

ಕೈಗೆ ತೆಗೆದುಕೊಂಡ ಕೂಡಲೆ ಮಾಡಬೇಕಾದ ಕೆಲಸ ಒಂದುಂಟು. ಮಾರುವವರು ಖಾಲಿ ಎಂದು ಎಷ್ಟೇ ಹೇಳಲಿ, ಉರುಳೆಯನ್ನು ತೆರೆದು ಪ್ರತಿಯೊಂದು ಕೋಣೆಯನ್ನೂ ಕಣ್ಣಿಂದಲೂ ಬೆರಳಿಂದಲೂ ನೋಡಬೇಕು. ಪರೀಕ್ಷೆ ಮುಗಿಯುವವರೆಗೆ ನಳಿಗೆಯ ಬಾಯಿ ಯಾರ ಕಡೆಗೂ ತಿರುಗಕೂಡದು. ಖಾಲಿ ಕೋಣೆಯ ಮೇಲೆ ಕುದುರೆಯನ್ನು ಬೀಳಿಸಿ ನೋಡುವುದಕ್ಕೆ ಮುನ್ನ ಒಡೆಯನ ಅಪ್ಪಣೆ ಕೇಳುವುದು ಮರ್ಯಾದೆ. ಹಳೆಯ ಕುದುರೆಗಳ ಮೊಳೆ ಮುರಿಯುವುದುಂಟು.

ಇನ್ನು ಹೊರಮೈ. ನಳಿಗೆಯ ತುದಿಯಲ್ಲಿ, ಉರುಳೆಯ ಅಂಚುಗಳಲ್ಲಿ ನೀಲಿಬಣ್ಣ ಹೋಗಿ ಬಿಳಿಯ ಉಕ್ಕು ಕಂಡರೆ ಗಾಬರಿಯಾಗಬೇಕಾದದ್ದಿಲ್ಲ. ಅದು ಚರ್ಮದ ಒರೆಯೊಳಗೆ ಹೋಗಿಬಂದ ಗುರುತು. ವರ್ಷಗಟ್ಟಲೆ ಸೊಂಟದಲ್ಲಿದ್ದು ಹತ್ತು ಗುಂಡೂ ಹಾರಿಸದ ರಿವಾಲ್ವರುಗಳು ಎಷ್ಟೋ ಉಂಟು. ಹೆದರಬೇಕಾದದ್ದು ಹೊಸ ಹೊಳಪಿಗೆ. ಹಳೆಯದನ್ನು ಉಜ್ಜಿ ಮತ್ತೆ ನೀಲಿ ಬರಿಸಿದ್ದರೆ ಮೂರು ಕುರುಹುಗಳು ಉಳಿಯುತ್ತವೆ: ಕೆತ್ತಿದ ಅಕ್ಷರಗಳು ಮಾಸಿರುತ್ತವೆ, ಚೂಪಾಗಿರಬೇಕಾದ ಅಂಚುಗಳು ದುಂಡಗಾಗಿರುತ್ತವೆ, ತಿರುಪುಮೊಳೆಗಳ ಕುಳಿಗಳು ಬಟ್ಟಲಿನಂತೆ ಒಳಬಾಗಿರುತ್ತವೆ. ಮೊಳೆಯ ಸೀಳುಗಳು ಕಿತ್ತುಹೋಗಿದ್ದರೆ ಅರಿಯದ ಕೈ ಒಳಗೆ ಹೊಕ್ಕಿದೆ ಎಂದು ತಿಳಿಯಬೇಕು. ಅಣ್ಣನ ರಿವಾಲ್ವರಿನಲ್ಲಿ ಈ ನಾಲ್ಕೂ ಇದ್ದವು. ನಮ್ಮ ಕಣ್ಣಿಗೆ ಕಂಡದ್ದು ಹೊಳಪೊಂದೇ. ಮೇಲೆ ಬಸಪ್ಪ, ಒಳಗೆ ವಿಷಪ್ಪ.

ಉರುಳೆಯ ಸುತ್ತ ಸಣ್ಣದೊಂದು ಗೆರೆ ಇದ್ದರೆ ಅದು ತಡೆಗುಬ್ಬಿ ಸವರಿದ ಗೆರೆ, ಸಹಜ. ಕಚ್ಚುಗಳ ಅಂಚು ಜಜ್ಜಿಹೋಗಿದ್ದರೆ ಸಹಜವಲ್ಲ. ಚಲನಚಿತ್ರದ ನಾಯಕರು ಪಕ್ಕಕ್ಕೆ ತೆರೆಯುವ ಉರುಳೆಯನ್ನು ಮಣಿಕಟ್ಟಿನ ಒಂದೇ ಕೊಡಹಿನಿಂದ ಟಪ್ಪನೆ ಮುಚ್ಚುವುದನ್ನು ನೀವು ನೋಡಿರಬಹುದು. ಉರುಳೆಯನ್ನು ಹೊತ್ತ ತೋಳು ಬಾಗುವುದು ಆ ಶೌರ್ಯದಿಂದಲೇ.

ಮುಂದೆ ನಳಿಗೆಯ ಒಳಗು. ಒಂದು ಬಿಳಿಯ ಕಾಗದಕ್ಕೆ ಬೆಳಕು ಬೀಳಿಸಿ ಅದರ ಎದುರಿಗೆ ಹಿಡಿದು ನೋಡಬೇಕು. ತಿರುಚಿದ ಗೆರೆಗಳು ತುದಿಯವರೆಗೆ ಸ್ಪಷ್ಟವಾಗಿರಬೇಕು. ಉಂಗುರದಂಥ ಕಪ್ಪು ನೆರಳೊಂದು ಕಂಡರೆ ಅಲ್ಲಿ ನಳಿಗೆ ಉಬ್ಬಿದೆ. ಒಂದು ಗುಂಡು ಒಳಗೆ ಸಿಕ್ಕಿಕೊಂಡಿರುವಾಗಲೇ ಇನ್ನೊಂದನ್ನು ಹಾರಿಸಿದ ಫಲ. ಅದನ್ನು ಕೆಳಗಿಟ್ಟು ಅಂಗಡಿಯಿಂದ ಹೊರಗೆ ಬರುವುದು ಲೇಸು. ಸಿಡುಬಿನ ಕಲೆಯಂಥ ಕುಳಿಗಳು ಕಂಡರೆ ಅದರ ಕಥೆ ಬೇರೆ. ಹಿಂದಿನ ತೋಟಾಗಳ ಕಿಡಿಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ನಮ್ಮ ಅಡಿಗೆಯ ಉಪ್ಪಿನ ದಾಯಾದಿ. ಮಳೆಗಾಲದಲ್ಲಿ ಉಪ್ಪಿನ ಜಾಡಿ ನೀರೊಡೆಯುವಂತೆ ಅದೂ ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತದೆ. ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ. ಬಿಸಿನೀರಿನಿಂದ ತೊಳೆದು, ಒರೆಸಿ ಒಣಗಿಸಿ, ಆಮೇಲೆ ಎಣ್ಣೆ ಹಾಕಬೇಕು. ಭಕ್ತಿಯಿಂದ ಬರಿಯ ಎಣ್ಣೆ ಸವರಿದವರ ನಳಿಗೆಗಳೂ ತುಕ್ಕು ಹಿಡಿದದ್ದು ಇದರಿಂದ. ಮಲೆನಾಡಿನಂಥ ತೇವದ ಸೀಮೆಯಲ್ಲಿ ರಿವಾಲ್ವರುಗಳು ಹಾರಿಸಿ ಸವೆದದ್ದಕ್ಕಿಂತ ಇಟ್ಟು ಸವೆದದ್ದೇ ಹೆಚ್ಚೆಂದು ಆ ಕೆಲಸಗಾರರು ಹೇಳುತ್ತಿದ್ದರು.

ನಳಿಗೆಯ ಹಿಂಬಾಯನ್ನು ಭೂತಗನ್ನಡಿಯಿಂದ ನೋಡಬೇಕು. ಅಲ್ಲಿ ಬೆಂಕಿಯೂ ಒತ್ತಡವೂ ಅತ್ಯಂತ ಹೆಚ್ಚು. ಮೊಸಳೆಯ ಚರ್ಮದಂತೆ ಒರಟಾಗಿದ್ದರೆ ಬಹಳ ದುಡಿದಿದೆ; ಕೂದಲಿನಂಥ ಬಿರುಕಿದ್ದರೆ ಅದರ ಕಾಲ ಮುಗಿದಿದೆ. ಬಾಳಿಕೆ ಎಂಬುದು ಉಕ್ಕಿನ ಗುಣವೊಂದನ್ನೇ ಅವಲಂಬಿಸಿಲ್ಲ, ಹೊರೆಯನ್ನೂ ಅವಲಂಬಿಸಿದೆ ಎಂಬುದಕ್ಕೆ ಅಮೆರಿಕದ ನಿದರ್ಶನ ಪ್ರಸಿದ್ಧವಾದುದು. 1955ರಲ್ಲಿ ಸ್ಮಿತ್ ಅಂಡ್ ವೆಸನ್ ಸಂಸ್ಥೆ .38 ತೋಟಾಕ್ಕಾಗಿ ಬೆಳೆದುಬಂದಿದ್ದ ನಡುಗಾತ್ರದ ಚೌಕಟ್ಟಿನಲ್ಲಿ ಬಲವಾದ .357 ಮ್ಯಾಗ್ನಂ ತೋಟಾವನ್ನು ಹಾರಿಸುವ ರಿವಾಲ್ವರೊಂದನ್ನು ತಂದಿತು. ಅದರ ನಳಿಗೆಯ ಹಿಂಬಾಯಿಯ ಕೆಳಬದಿಯನ್ನು ಎಡೆ ಸಾಲದೆ ಕೊಂಚ ಚಪ್ಪಟೆಯಾಗಿ ಕೊರೆಯಬೇಕಾಗಿತ್ತು. ಹಗುರವಾದ, ವೇಗವಾದ ಗುಂಡುಗಳನ್ನು ಸಾವಿರಗಟ್ಟಲೆ ಹಾರಿಸಿದಾಗ ಕೆಲವು ಸರಿಯಾಗಿ ಆ ತೆಳುವಾದ ಜಾಗದಲ್ಲಿಯೇ ಸೀಳಿದವು. ಅದೇ ರಿವಾಲ್ವರು ಸಾದಾ .38 ತೋಟಾಗಳೊಡನೆ ಒಂದು ಜೀವಮಾನ ಬಾಳುತ್ತದೆ. ನಮ್ಮಲ್ಲಿ ಬಳಕೆಯಲ್ಲಿರುವ .32 ತೋಟಾ ಸೌಮ್ಯವಾದುದು. ತುಕ್ಕಿನಿಂದ ಕಾಪಾಡಿಕೊಂಡರೆ ಅಜ್ಜನಿಂದ ಮೊಮ್ಮಗನಿಗೆ ಸಾಗಬಲ್ಲದು. ಆದರೆ ಕೋಣೆಯೊಳಗೆ ಹೋಗಿ ಕೂತ ತೋಟಾವೆಲ್ಲ ಆ ರಿವಾಲ್ವರಿನದೇ ಎಂದು ಭಾವಿಸಬಾರದು. ಪಿಸ್ತೂಲಿನ .32 ತೋಟಾವೂ ಹಲವು ರಿವಾಲ್ವರುಗಳ ಕೋಣೆಗಳಲ್ಲಿ ಕೂರುವುದುಂಟು; ಅದರ ಒತ್ತಡ ಹೆಚ್ಚಿನದು.

ಈಗ ತೆರವಿನ ಅಳತೆ. ಉರುಳೆಗೂ ನಳಿಗೆಗೂ ನಡುವಿನ ಆ ಎಡೆ ಸಾಮಾನ್ಯವಾಗಿ 0.10ರಿಂದ 0.25 ಮಿಲಿಮೀಟರ್ ಒಳಗಿರಬೇಕು. ಇದನ್ನು ಅಳೆಯುವ ಉಕ್ಕಿನ ಎಲೆಮಾಪಕವನ್ನು ಮೋಟಾರು ಕೆಲಸಗಾರರು ಬಳಸುತ್ತಾರೆ. ಅದಿಲ್ಲದವರಿಗೆ ಆ ಹಿರಿಯರು ನನ್ನ ಕಸುಬಿಗೆ ಒಪ್ಪುವ ಉಪಾಯವೊಂದನ್ನು ಹೇಳಿಕೊಟ್ಟರು. ಬರೆಯುವ ಸಾಧಾರಣ ಕಾಗದದ ದಪ್ಪ ಹೆಚ್ಚುಕಡಮೆ 0.1 ಮಿಲಿಮೀಟರ್. ಒಂದು ಹಾಳೆ ತೂರಿದರೆ ಸಂತೋಷ, ಎರಡು ತೂರಿದರೆ ಚಿಂತೆಯಿಲ್ಲ, ಮೂರು ಒಟ್ಟಿಗೆ ತೂರಿದರೆ ಕೊಳ್ಳಬೇಡಿ. ಬಳಿಕ ಉರುಳೆಯನ್ನು ಮುಚ್ಚಿದಂತೆಯೇ ಬೆರಳುಗಳಿಂದ ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸಿ. ಅಲುಗಾಟ ಬೆರಳಿಗೆ ತಿಳಿದೂ ತಿಳಿಯದಂತಿರಬೇಕು. ಟಕಟಕ ಎಂದು ಸದ್ದಾಗಬಾರದು. ಹಾಗೆ ಸಡಿಲವಾದ ಉರುಳೆ ಪ್ರತಿ ಗುಂಡಿಗೂ ಚೌಕಟ್ಟನ್ನು ಗುದ್ದಿ ಗುದ್ದಿ ತನ್ನ ಸಡಿಲವನ್ನು ತಾನೇ ಬೆಳೆಸಿಕೊಳ್ಳುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಹಲ್ಲಿನ ಪರೀಕ್ಷೆ. ಒಂದು ಬೆರಳನ್ನು ಉರುಳೆಯ ಮೇಲೆ ಹಗುರವಾಗಿಟ್ಟು, ಕುದುರೆಯನ್ನು ಹೆಬ್ಬೆರಳಿನಿಂದ ಬಲು ನಿಧಾನವಾಗಿ ಹಿಂದಕ್ಕೆ ಎಳೆಯಬೇಕು. ಕುದುರೆ ಕೊನೆ ಮುಟ್ಟುವ ಮೊದಲೇ, ತಡವೆಂದರೆ ಅದೇ ಕ್ಷಣದಲ್ಲಿ, ತಡೆಗುಬ್ಬಿ ಕಚ್ಚಿನಲ್ಲಿ ಕೂತ ಸದ್ದು ಕೇಳಬೇಕು. ಕುದುರೆ ನಿಂತ ಮೇಲೂ ಉರುಳೆಯನ್ನು ಕೈಯಿಂದ ಕೊಂಚ ತಿರುಗಿಸಿದರೆ ಮಾತ್ರ ಸದ್ದು ಬರುವುದಾದರೆ ಅದು ಸವೆದ ನಾಲಗೆಯ ಲಕ್ಷಣ. ಎಲ್ಲ ಕೋಣೆಗಳಿಗೂ ಹೀಗೆ ಮಾಡಬೇಕು, ಒಂದನ್ನೂ ಬಿಡಕೂಡದು. ಅಣ್ಣನದರಲ್ಲಿ ನಾಲ್ಕು ಕೋಣೆಗಳು ಸರಿಯಾಗಿದ್ದವು, ಎರಡು ತಡವಾಗಿ ಕೂರುತ್ತಿದ್ದವು. ವೇಗವಾಗಿ ಎಳೆದಾಗ ಉರುಳೆ ತನ್ನ ಓಟದಿಂದಲೇ ಎಡೆ ಸೇರಿ ದೋಷವನ್ನು ಮುಚ್ಚಿಡುತ್ತದೆ. ಅಂಗಡಿಯಲ್ಲಿ ನಮಗೆ ತೋರಿಸಿದವರು ವೇಗವಾಗಿಯೇ ಎಳೆದು ತೋರಿಸಿದ್ದರು. ಟ್ರಿಗರನ್ನು ಒತ್ತಿ ಹಿಡಿದಾಗ ಉರುಳೆ ಪಕ್ಕಕ್ಕೆ ಎಷ್ಟು ಅಲುಗುತ್ತದೆ ಎಂಬುದನ್ನೂ ನೋಡಬೇಕು. ಸ್ಮಿತ್ ಅಂಡ್ ವೆಸನ್ನಿನಲ್ಲಿ ಅತ್ಯಲ್ಪ ಅಲುಗಾಟ ಸಹಜ. ಹಳೆಯ ಕೋಲ್ಟುಗಳು ಆ ಸ್ಥಿತಿಯಲ್ಲಿ ಕಬ್ಬಿಣದ ಪೆಟ್ಟಿಗೆಯಂತೆ ಬಿಗಿದು ನಿಲ್ಲುವಂತೆ ರಚಿತವಾದವು; ಆ ಬಿಗಿಯ ಹೊರೆಯನ್ನು ಹೊರುವುದು ನಾಲಗೆಯೇ ಆದ್ದರಿಂದ ಅದು ಬೇಗ ಸವೆಯುವುದೂ ಉಂಟು. ವೆಬ್ಲಿಯಂತೆ ನಡು ಮುರಿದು ತೆರೆಯುವ ರಿವಾಲ್ವರಾದರೆ ಕೀಲನ್ನೂ ಮೇಲಿನ ಕೊಂಡಿಯನ್ನೂ ಪರೀಕ್ಷಿಸಬೇಕು: ಹಿಡಿಯನ್ನು ಬಿಗಿಯಾಗಿ ಹಿಡಿದು ನಳಿಗೆಯನ್ನು ಅಲುಗಿಸಿದರೆ ಎರಡೂ ಒಂದೇ ಲೋಹದ ತುಂಡೆಂಬಂತೆ ತೋರಬೇಕು.

ಕೊನೆಯದು ಎಳೆದು ನಿಲ್ಲಿಸಿದ ಕುದುರೆಯ ನಂಬಿಕೆ. ಖಾಲಿ ರಿವಾಲ್ವರಿನಲ್ಲಿ, ಟ್ರಿಗರನ್ನು ಮುಟ್ಟದೆ, ನಿಂತ ಕುದುರೆಯನ್ನು ಹೆಬ್ಬೆರಳಿನಿಂದ ಮುಂದಕ್ಕೆ ಒತ್ತಿ ನೋಡಬೇಕು. ಅದು ಜಾರಿ ಬಿದ್ದರೆ ಆ ರಿವಾಲ್ವರು ಒಡೆಯನ ಮಾತನ್ನು ಕೇಳುವುದಲ್ಲ. ಕೆಳಗೆ ಬಿದ್ದರೆ ಹಾರುವ ಭಯವೂ ಹಳೆಯ ಮಾದರಿಗಳಿಗೆ ಉಂಟು. 1944ರಲ್ಲಿ ಅಮೆರಿಕದ ಹಡಗೊಂದರ ಅಟ್ಟದ ಮೇಲೆ ಬಿದ್ದ ರಿವಾಲ್ವರು ಹಾರಿ ನಾವಿಕನೊಬ್ಬ ಸತ್ತ ಮೇಲೆ, ಸ್ಮಿತ್ ಅಂಡ್ ವೆಸನ್ ಸಂಸ್ಥೆ ಕುದುರೆಗೆ ಹೊಸ ಬಗೆಯ ತಡೆಯನ್ನು ಅಳವಡಿಸಿತು. ಅದಕ್ಕೆ ಹಿಂದಿನ ಮಾದರಿಗಳನ್ನು ಉಳ್ಳವರು ಕುದುರೆಯ ಕೆಳಗಿನ ಕೋಣೆಯನ್ನು ಖಾಲಿ ಬಿಡುವುದು ವಿವೇಕ.

ಸವೆತವೆಲ್ಲ ಸಾವಲ್ಲ ಎಂಬುದನ್ನೂ ಹೇಳಬೇಕು. ಸವೆದ ನಾಲಗೆಗೆ ಬದಲು ಬೇರೆ ನಾಲಗೆ ಕೂಡಿಸಬಹುದು. ಸಡಿಲವಾದ ಉರುಳೆಗೆ ತೆಳುವಾದ ಬಳೆ ಹಾಕಬಹುದು. ಸೀಳಿದ ಹಿಂಬಾಯಿ, ಉಬ್ಬಿದ ನಳಿಗೆ, ಬಿರಿದ ಕೋಣೆ, ಇವಕ್ಕೆ ನಮ್ಮಲ್ಲಿ ಮದ್ದಿಲ್ಲವೆಂದೇ ತಿಳಿಯಬೇಕು. ಹಳೆಯ ವಿದೇಶೀ ಭಾಗಗಳು ಸಿಕ್ಕುವುದಿಲ್ಲ. ಆ ಹಿರಿಯರು ಅಣ್ಣನ ರಿವಾಲ್ವರಿಗೆ ನಾಲಗೆ ಬದಲಿಸಿ ಬಳೆ ಹಾಕಿಕೊಟ್ಟರು. ಹಿಂಬಾಯಿ ಒರಟಾಗಿದೆ, ಮಿತವಾಗಿ ಹಾರಿಸಿ, ಪಕ್ಕದಲ್ಲಿ ಯಾರನ್ನೂ ನಿಲ್ಲಿಸಿಕೊಳ್ಳಬೇಡಿ ಎಂದು ನನ್ನ ಕೆನ್ನೆಯನ್ನು ನೋಡುತ್ತ ಹೇಳಿದರು.

2021ರಲ್ಲಿ ಅಣ್ಣ ತೀರಿಕೊಂಡ. ಅವನ ಪರವಾನಗಿಯೂ ಅವನೊಡನೆ ಮುಗಿಯಿತು. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಅಂಥ ಆಯುಧವನ್ನು ಠಾಣೆಯಲ್ಲಿಯೋ ಪರವಾನಗಿ ಪಡೆದ ವ್ಯಾಪಾರಿಯಲ್ಲಿಯೋ ಒಪ್ಪಿಸಬೇಕು. ಅಣ್ಣನ ಮಗ ವ್ಯಾಪಾರಿಯಲ್ಲಿ ಒಪ್ಪಿಸಿದ. ಒಬ್ಬ ಖಾಸಗಿ ವ್ಯಕ್ತಿ ಇನ್ನೊಬ್ಬನಿಗೆ ಮಾರುವುದಾದರೆ ಕೊಳ್ಳುವವನಿಗೆ ಪರವಾನಗಿ ಇರಬೇಕು. ಅಲ್ಲದೆ ಅವನ ಹೆಸರು ವಿಳಾಸಗಳನ್ನು ಜಿಲ್ಲಾ ದಂಡಾಧಿಕಾರಿಗೋ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು. ಪರವಾನಗಿಯಲ್ಲಿ ಬರೆದ ಸಂಖ್ಯೆಯೂ ಉಕ್ಕಿನ ಮೇಲೆ ಕೆತ್ತಿದ ಸಂಖ್ಯೆಯೂ ಅಕ್ಷರಶಃ ಒಂದೇ ಆಗಿರಬೇಕು. ಈ ವಿಧಿಗಳು ಆಯುಧ ಯಾರದೆಂಬುದನ್ನು ಹೇಳುತ್ತವೆ. ಅದು ಎಂಥದೆಂಬುದನ್ನು ಹೇಳುವ ಕಾಗದ ಯಾವುದೂ ಇಲ್ಲ. ಅದನ್ನು ಮಾರುವವನ ಬಾಯೇ ಹೇಳಬೇಕು.

ತೋಟದ ಯುವಕ ಮಾಲೀಕರೊಬ್ಬರು ಕೊಳ್ಳಲು ಮುಂದೆ ಬಂದರು. ಒಳ್ಳೆಯ ಬೆಲೆಯನ್ನೇ ನುಡಿದರು. ಹೊಳಪು ಇನ್ನೂ ಹಾಗೆಯೇ ಇತ್ತು. ನಾನು ವ್ಯಾಪಾರಿಯ ಮುಂದೆಯೇ ಮೂರು ಹಾಳೆ ಕಾಗದವನ್ನು ಅವರ ಕೈಗೆ ಕೊಟ್ಟೆ. ಹಾಕಿದ್ದ ಬಳೆ ಇಪ್ಪತ್ತೇಳು ವರ್ಷದಲ್ಲಿ ಸವೆದಿತ್ತೋ ಏನೋ, ಮೂರೂ ತೂರಿದವು. ನನ್ನ ಕೆನ್ನೆಯ ಕಥೆಯನ್ನೂ ಹೇಳಿದೆ. ಅವರು ಕೈಮುಗಿದು ಹೊರಟುಹೋದರು. ಆ ರಿವಾಲ್ವರನ್ನು ಕೊನೆಗೆ ಸರ್ಕಾರಕ್ಕೆ ಒಪ್ಪಿಸಿದೆವು.

"ನೀವು ಹೇಳದಿದ್ದರೆ ಅವರಿಗೆ ಗೊತ್ತೇ ಆಗುತ್ತಿರಲಿಲ್ಲ," ಎಂದ ಅಣ್ಣನ ಮಗ. ಗೊತ್ತಾಗುತ್ತಿರಲಿಲ್ಲ ಎಂಬುದಕ್ಕೇ ಹೇಳಿದೆ ಎಂದೆ. ಅವನಿಗೆ ಸಮಾಧಾನವಾಗಲಿಲ್ಲ, ಒಂದು ವರ್ಷ ನಮ್ಮ ಮನೆಯ ಕಡೆಗೆ ಸುಳಿಯಲಿಲ್ಲ. ಈಚೆಗೆ ಹಳೆಯ ಜೀಪೊಂದನ್ನು ಕೊಳ್ಳಲು ಹೊರಟವನು ನನ್ನನ್ನು ಜೊತೆಗೆ ಕರೆದ. ಜೀಪಿನ ವಿಷಯ ನನಗೇನೂ ತಿಳಿಯದು, ಆದರೂ ಹೋದೆ. ಮಾರುವವರು ಹೊಸದಾಗಿ ಬಳಿದ ಬಣ್ಣವನ್ನು ಹೊಗಳುತ್ತಲೇ ಇದ್ದರು. ಅವನು ಏನೂ ಮಾತನಾಡದೆ ಅಂಗಿಯ ತೋಳು ಮಡಿಸಿ, ನೆಲದ ಮೇಲೆ ಅಂಗಾತ ಮಲಗಿ, ಜೀಪಿನ ಕೆಳಗೆ ತೂರಿಕೊಂಡ.